ಮಾಗಿಯ ಪಾತಿ, ತಲಪರಿಗೆಯ ನೀರು

ಮೈಸೂರು ಗೆಜೆಟಿಯರ್ ಬರೆದ ಬೆಂಜಮಿನ್ ಲೂಯಿ ರೈಸ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ನೀರಿನ ಬಗ್ಗೆ ಹೇಳುವಾಗ ನಕ್ಷೆಯ ಮೇಲೊಂದು ಗೆರೆ ಎಳೆಯುತ್ತಾರೆ. ಗೆರೆ ಕೊರಟಗೆರೆಯಿಂದ ಹೊರಟು ಹಿರಿಯೂರು ಮುಟ್ಟಿ ಮೊಳಕಾಲ್ಮೂರಿಗೆ ಹೋಗುತ್ತದೆ. ಅದರ ಪೂರ್ವಕ್ಕೆ, ಗಡಿಯವರೆಗೂ, ನೆಲದಡಿ ಊಟೆಗಳಿವೆ. ಅವಕ್ಕೆ ತಲಪರಿಗೆ ಎಂದು ಹೆಸರು. ದಕ್ಷಿಣದ ಭಾಗದಲ್ಲಿ ಮರಳು ಮಣ್ಣನ್ನು ಅಷ್ಟಿಷ್ಟು ತೋಡಿದರೆ ನೀರು ನೆಲದ ಮಟ್ಟಕ್ಕೇ ಬರುತ್ತದೆ. ಉತ್ತರಕ್ಕೆ ಹೋದಷ್ಟೂ ಕಷ್ಟ. ಪಾವಗಡದಲ್ಲಿ ಮೆದುಗಲ್ಲು ಕಡಿಯಬೇಕು, ಅದರಾಚೆ ಗಟ್ಟಿ ಬಂಡೆಯನ್ನೇ ಕೊರೆಯಬೇಕು. ಸಿಕ್ಕ ನೀರನ್ನು ಸಣ್ಣ ಕಾಲುವೆಯಲ್ಲಿ ಹೊಲಕ್ಕೆ ಹರಿಸುತ್ತಾರೆ, ಇಲ್ಲವೇ ಬಾವಿ ಕಟ್ಟಿ ಕಪಿಲೆ ಹೂಡುತ್ತಾರೆ. ಗೆಜೆಟಿಯರಿನಲ್ಲಿ ಇದಕ್ಕೆ ಸಿಕ್ಕಿರುವ ಜಾಗ ಕೆಲವೇ ಸಾಲು. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ತೋಟಗಳ ಚರಿತ್ರೆಗೆ ಅಷ್ಟೇ ಸಾಲುಗಳು ಬುನಾದಿ.

ಏಕೆಂದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಗೂ ತೋಟಕ್ಕೂ ಕಾಲ ಕೂಡಿಬರುವುದಿಲ್ಲ. ನಂಬಬಹುದಾದ ಮಳೆ ಎಂದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳದ್ದು. ಆಮೇಲೆ ಒಂದೆರಡು ಸೋನೆ ಬಿದ್ದರೆ ಬಿತ್ತು. ಮುಂದಿನ ಹನಿಗೆ ಏಪ್ರಿಲ್ ನಡುವಿನ ಅಶ್ವಿನಿ ಮಳೆಯನ್ನೋ ಅದರ ಬೆನ್ನಿಗೆ ಬರುವ ಭರಣಿಯನ್ನೋ ಕಾಯಬೇಕು. ನಡುವೆ ಪುಷ್ಯ, ಮಾಘ, ಫಾಲ್ಗುಣ ಮೂರು ತಿಂಗಳು ಆಕಾಶ ಒಣಗಿಯೇ ಇರುತ್ತದೆ. ಸಂಕ್ರಾಂತಿ ಹೊತ್ತಿಗೆ ರಾಗಿ ಕಣ ಮುಗಿದಿರುತ್ತದೆ. ಇಬ್ಬನಿ ಕುಡಿದು ಸೊಗಡು ತುಂಬಿಕೊಂಡ ಅವರೆಕಾಯಿಯ ಕಾಲವೂ ಮುಗಿಯುತ್ತ ಬಂದಿರುತ್ತದೆ. ನೆಲದಲ್ಲಿ ಪಸೆ ಇರುವಾಗಲೇ ಮಾಗಿ ಉಳುಮೆ ಮುಗಿಸಿದ ರೈತನಿಗೆ ಬೆದ್ದಲಿನಲ್ಲಿ ಮಾಡಲು ಕೆಲಸವಿಲ್ಲ. ಹಿತ್ತಲಿನಲ್ಲಿ ಮತ್ತು ತೋಟದಲ್ಲಿ ಮಾತ್ರ ವರ್ಷ ಶುರುವಾಗುವುದೇ ಈಗ.

ಚಳಿದೇಶಗಳಲ್ಲಿ ಜನ ಕಿಟಕಿಯೊಳಗೆ ಕುಂಡ ಇಟ್ಟು, ಹೊರಗೆ ಹಿಮ ಕರಗುವುದನ್ನು ಕಾಯುತ್ತ ಬೀಜ ಮೊಳೆಸುತ್ತಾರೆ. ಬಯಲುಸೀಮೆಯ ಚಳಿ ಅದರ ಮುಂದೆ ಏನೂ ಅಲ್ಲ. ಜನವರಿಯ ರಾತ್ರಿಗಳಲ್ಲಿ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಹೆಚ್ಚು. ಆದರೆ ಬದನೆ, ಮೆಣಸಿನಕಾಯಿ ಬೀಜಗಳಿಗೆ ಈ ಚಳಿಯೇ ಸಾಕು. 25-30 ಡಿಗ್ರಿ ಕಾವಿನಲ್ಲಿ ವಾರದೊಪ್ಪತ್ತಿಗೆ ತಲೆ ಎತ್ತುವ ಮೆಣಸಿನ ಬೀಜ ಚಳಿಗೆ ಸಿಕ್ಕರೆ ಮಣ್ಣಿನಲ್ಲೇ ಮುದುರಿಕೊಂಡು ಕೂರುತ್ತದೆ. ಕೂತಷ್ಟು ದಿನ ಇರುವೆಗೆ ಹಬ್ಬ, ಬೂಷ್ಟಿಗೂ ಹಬ್ಬ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡುತ್ತದೆ ಎನ್ನುವ ಮಾತು ನಾಡಿಗೆಲ್ಲ ಗೊತ್ತು. ಸಸಿ ಬೆಳೆಸುವವನಿಗೆ ಅದು ಅರ್ಧ ಸಮಾಧಾನ ಮಾತ್ರ. ಚಳಿ ಓಡಿದ ಜಾಗಕ್ಕೆ ಬಿಸಿಲು ಬಂದು ಕೂರಲು ಪಾವಗಡದಲ್ಲಿ ಎರಡು ವಾರವೂ ಬೇಡ. ಬೇಗ ಹಾಕಿದರೆ ಬೀಜ ಮುದುರುತ್ತದೆ, ತಡ ಮಾಡಿದರೆ ಎಳೆ ಸಸಿ ಬಾಡುತ್ತದೆ. ಸಂಕ್ರಾಂತಿಗೂ ಶಿವರಾತ್ರಿಗೂ ನಡುವಿನ ಆ ಕಿರಿದಾದ ಸಂದಿಯಲ್ಲಿ ಪಾತಿ ಹಾಕಿದವನು ಗೆದ್ದ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದಿಳಿದು ಗೂಡು ಕಟ್ಟುವುದೂ ಹೆಚ್ಚುಕಡಿಮೆ ಇದೇ ವಾರಗಳಲ್ಲಿ.

ಆ ಪಾತಿಯ ವಿದ್ಯೆಯನ್ನು ಪುಸ್ತಕ ನೋಡಿ ಕಲಿತವರು ಇಲ್ಲಿ ಯಾರೂ ಇಲ್ಲ. ಜಾಗ ಬಚ್ಚಲ ನೀರು ಹರಿದುಹೋಗುವ ಕಡೆ ಇರಬೇಕು, ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನದ್ದು ಬೀಳಬಾರದು. ಮಣ್ಣನ್ನು ಹುಡಿ ಮಾಡಿ, ಒಣಗಿದ ಎಲೆ, ಕಸಕಡ್ಡಿ ಹರಡಿ ಬೆಂಕಿ ಹಾಕಿದರೆ ಕಳೆಯ ಬೀಜ ಸಾಯುತ್ತದೆ, ಸಸಿಯ ಬುಡ ಕೊಳೆಸುವ ಬೂಷ್ಟೂ ಸಾಯುತ್ತದೆ. ಮೇಲೆ ಜರಡಿ ಹಿಡಿದ ಕುರಿಗೊಬ್ಬರ. ಶಿರಾ, ಪಾವಗಡ ಕಡೆ ಅದಕ್ಕೆ ಬರವಿಲ್ಲ. ಕುರುಬರ, ಕಾಡುಗೊಲ್ಲರ ಹಿಂಡುಗಳಿರುವ ಸೀಮೆ ಅದು, ದುಡ್ಡೋ ಕಾಳೋ ಕೊಟ್ಟು ಹೊಲದಲ್ಲಿ ಮಂದೆ ತರುಬಿಸಿಕೊಳ್ಳುವ ವಾಡಿಕೆ ಹಳೆಯದು. ಸಣ್ಣ ಬೀಜವನ್ನು ಮರಳಿನಲ್ಲೋ ಬೂದಿಯಲ್ಲೋ ಕಲಸಿ ಎರಚಿದರೆ ಒಂದೇ ಕಡೆ ಗುಡ್ಡೆ ಬೀಳುವುದಿಲ್ಲ. ಪಾತಿಯ ಸುತ್ತ ಬೂದಿಯ ಗೆರೆ ಇರುವೆಗೆ. ಮೇಲೆ ಹುಲ್ಲು ಹೊದಿಸಿ, ಬೇವಿನ ಸೊಪ್ಪಿನ ಕಂತೆಯಿಂದ ನೀರು ಚಿಮುಕಿಸುವುದು. ಕೊಡದಿಂದ ಸುರಿದರೆ ಬೀಜವೆಲ್ಲ ಒಂದು ಮೂಲೆಗೆ ತೇಲಿಹೋಗುತ್ತದೆ. ಮೊಳಕೆ ಕಂಡ ದಿನ ಹುಲ್ಲು ತೆಗೆಯಬೇಕು, ಅದೂ ಸಂಜೆ ಹೊತ್ತಿನಲ್ಲಿ.

ಬೀಜ ಕಾಪಾಡುವ ಕೆಲಸ ಬಹುಪಾಲು ಹೆಂಗಸರದು. ಕುಂಬಳ, ಸೋರೆ, ಹೀರೆಯ ಬೀಜಗಳನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿಬಿಡುತ್ತಿದ್ದರು. ಒಣಗಿದ ಆ ಬಿಲ್ಲೆಗೆ ಹುಳ ಬಾಯಿ ಹಾಕದು, ಇಲಿಗೂ ಎಟುಕದು, ಬೇಕಾದಾಗ ಒಡೆದು ಹಾಗೇ ಮಣ್ಣಿಗಿಟ್ಟರೆ ಗೊಬ್ಬರವೂ ಜೊತೆಗಿರುತ್ತದೆ. ತೊಗರಿಗೆ ಕೆಮ್ಮಣ್ಣಿನ ಲೇಪ, ಬದನೆ ಬೀಜಕ್ಕೆ ಒಲೆಯ ಬೂದಿ, ಗುಡಾಣದ ಬಾಯಿಗೆ ಬೇವಿನ ಸೊಪ್ಪು. ಕನಕಾಂಬರದ ಬೀಜ ಹಿಡಿಯುವುದಕ್ಕೆ ಬೇರೆಯದೇ ಜಾಣತನ ಬೇಕು. ಒಣಗಿದ ತೆನೆಗೆ ನೀರು ತಾಗಿದರೆ ಸಾಕು, ಕಾಯಿ ಪಟಪಟನೆ ಸಿಡಿದು ಬೀಜ ದಿಕ್ಕಾಪಾಲಾಗುತ್ತದೆ. ಅದಕ್ಕೆ ಮೊದಲೇ ತೆನೆ ಕೊಯ್ದು ಬಟ್ಟೆಯೊಳಗೆ ಕಟ್ಟಬೇಕು.

ಇಷ್ಟೆಲ್ಲ ಇದ್ದರೂ ನೀರಿಲ್ಲದೆ ಪಾತಿಯಿಲ್ಲ. ಇಲ್ಲೇ ತಲಪರಿಗೆಯ ಮಹತ್ವ ಕಾಣುವುದು. ದೊಡ್ಡ ಕೆರೆ ತುಂಬಿದ ವರ್ಷ ಗದ್ದೆ ನಾಟಿಯಾಗುತ್ತದೆ, ತುಂಬದ ವರ್ಷ ಇಲ್ಲ. ತಲಪರಿಗೆ ಹಾಗಲ್ಲ. ಅದರ ನೀರು ಸಣ್ಣದು, ಆದರೆ ಮಳೆಗಾಲ ಕಳೆದು ತಿಂಗಳುಗಟ್ಟಲೆ ಜಿನುಗುತ್ತಲೇ ಇರುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದು ಉತ್ತರ ಪಿನಾಕಿನಿ ಸೇರುವ ಜಯಮಂಗಲಿಯ ಇಕ್ಕೆಲದ ಮರಳು ನೆಲ ಮಳೆಯನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬಿಟ್ಟುಕೊಡುತ್ತಿತ್ತು. ರಾತ್ರಿಯೆಲ್ಲ ಜಿನುಗಿದ ನೀರು ಕಟ್ಟೆಯಲ್ಲಿ ನಿಂತಿರುತ್ತದೆ, ಬೆಳಿಗ್ಗೆ ತೂಬು ತೆಗೆದರೆ ಕಾಲುವೆಗೆ ಬರುತ್ತದೆ. ಎತ್ತು ಬೇಡ, ಏತ ಬೇಡ. ಇಂಥ ನೀರಿನಿಂದ ಹತ್ತು ಎಕರೆ ಭತ್ತ ಬೆಳೆಯಲು ಹೊರಟವನು ಮೂರ್ಖ. ಅದೇ ನೀರಿನಲ್ಲಿ ಊರಿಗೆಲ್ಲ ಆಗುವಷ್ಟು ಸಸಿ ಬೆಳೆಸಬಹುದು. ಒಂದು ಗುಂಟೆ ಪಾತಿಯಲ್ಲಿ ಎದ್ದ ಪೈರು ಎಕರೆಗಟ್ಟಲೆ ನೆಲಕ್ಕೆ ಸಾಲುತ್ತದೆ. ನೀರಿಲ್ಲದ ತಿಂಗಳುಗಳಲ್ಲಿ ಎಳೆ ಗಿಡಗಳನ್ನೆಲ್ಲ ಒಂದೇ ಕಡೆ ಒತ್ತಾಗಿ ಕೂರಿಸಿ ಸಾಕಿ, ಮಳೆ ಬಂದ ಮೇಲೆ ಅಗಲಕ್ಕೆ ಹರಡುವುದು: ಬಯಲುಸೀಮೆ ಬರಕ್ಕೆ ಕಂಡುಕೊಂಡ ಉತ್ತರಗಳಲ್ಲಿ ಇದು ಬಹಳ ಅಗ್ಗದ್ದು, ಬಹಳ ಜಾಣತನದ್ದೂ ಹೌದು. ಕೆರೆಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಪಾತಿಗೆ ಚರಿತ್ರೆಕಾರರು ಸಿಕ್ಕಿಲ್ಲ.

ತಲಪರಿಗೆ ಯಾರೊಬ್ಬರ ಆಸ್ತಿಯೂ ಆಗಿರಲಿಲ್ಲ. ಅದರ ಕೆಳಗೆ ಜಮೀನಿದ್ದವರೆಲ್ಲ ವರ್ಷಕ್ಕೊಮ್ಮೆ ಸೇರಿ ಹೂಳು ತೆಗೆಯಬೇಕು, ಕಾಲುವೆಯ ಗಿಡಗಂಟಿ ಸವರಬೇಕು. ಗಂಗಮ್ಮನ ಪೂಜೆ ಮಾಡಿ ನೀರು ಬಿಡುವುದು. ಸರದಿಯ ಲೆಕ್ಕ ನೀರುಗಂಟಿಯ ಕೈಯಲ್ಲಿ. ಅವನಿಗೆ ಸುಗ್ಗಿಯಲ್ಲಿ ಕಾಳಿನ ಪಾಲು. ಈ ಏರ್ಪಾಡನ್ನು ಸ್ವರ್ಗದಂತೆ ಬಣ್ಣಿಸುವ ಬರಹಗಳೂ ಬಂದಿವೆ. ಅಷ್ಟು ಬೇಡ. ತಲಪರಿಗೆಯ ಕೆಳಗೆ ಜಮೀನಿಲ್ಲದವನಿಗೆ ಅದರ ನೀರಿನ ಸರದಿಯೂ ಇರಲಿಲ್ಲ, ಜಮೀನು ಯಾರ ಬಳಿ ಇತ್ತು ಎಂಬುದಕ್ಕೂ ಜಾತಿಗೂ ಸಂಬಂಧವಿರಲಿಲ್ಲ ಎಂದು ಹೇಳುವಂತೆಯೂ ಇಲ್ಲ.

ಈ ನೀರಿನ ಮೇಲೆ ನಿಂತ ದೊಡ್ಡ ಬೆಳೆ ಅಡಿಕೆ. ಬಯಲುಸೀಮೆಯಲ್ಲಿ ಅಡಿಕೆ ಎಂದರೆ ಮಲೆನಾಡಿನವರು ಇಂದಿಗೂ ಹುಬ್ಬೇರಿಸುತ್ತಾರೆ. ಆದರೆ ಮಧುಗಿರಿ, ಕೊರಟಗೆರೆಯ ತಗ್ಗು ನೆಲಗಳಲ್ಲಿ ಅದು ಇಂದು ನಿನ್ನೆಯದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯ ಮೇಲೆ ಮೈಸೂರು ಸೀಮೆ ಸುತ್ತಲು ಹೊರಟ ಡಾ. ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಶಿರಾ ಕಡೆ ಬಂದಾಗ ಇಲ್ಲಿನ ಅಡಿಕೆ, ತೆಂಗಿನ ತೋಟಗಳನ್ನು ನೋಡಿ, ಬೆಳೆಯುವವರನ್ನು ಕೂರಿಸಿಕೊಂಡು ವಿಚಾರಿಸಿದರು. ವೈದ್ಯರಾದರೂ ಅವರ ಜೀವ ಇದ್ದದ್ದು ಗಿಡಗಳಲ್ಲಿ. ಮುಂದೆ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕರೂ ಆದರು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವರ ಪ್ರವಾಸಕಥನ ಬೇಸರ ಬರುವಷ್ಟು ವಿವರಗಳ ಕಣಜ. ಭತ್ತವನ್ನು ಒಣ ಬೀಜವಾಗಿ ಬಿತ್ತುವುದು, ಮೊಳಕೆ ಬರಿಸಿ ಬಿತ್ತುವುದು, ಒಟ್ಲು ಹಾಕಿ ನಾಟಿ ಮಾಡುವುದು ಎಂಬ ಮೂರು ಕ್ರಮಗಳನ್ನೂ ಅವರು ಬೇರೆ ಬೇರೆಯಾಗಿ, ಖರ್ಚಿನ ಸಮೇತ ಬರೆದಿಟ್ಟಿದ್ದಾರೆ. ಮೊಳಕೆಯ ಕ್ರಮ ಚಳಿಗೆ ಹೇಳಿಮಾಡಿಸಿದ್ದು. ಭತ್ತವನ್ನು ನೆನೆಸಿ, ಕುಕ್ಕೆಗೆ ತುಂಬಿ, ಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರಿಟ್ಟರೆ ಹೊರಗೆ ಎಂಥ ಥಂಡಿಯಿದ್ದರೂ ಒಳಗೆ ಮೊಳೆಯುವ ಕಾಳು ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಯುರೋಪಿನ ಮಾಲಿಗಳು ಇದೇ ಕಾವಿಗಾಗಿ ಕುದುರೆ ಲದ್ದಿ ರಾಶಿ ಹಾಕಿ ಅದರ ಮೇಲೆ ಸಸಿ ಎಬ್ಬಿಸುತ್ತಿದ್ದರು. ಇಲ್ಲಿನ ಹೆಂಗಸರು ಕುಂಬಳದ ಬೀಜವನ್ನು ತಿಪ್ಪೆಯ ಅಂಚಿಗೆ ಊರುವುದೂ ಅದೇ ಲೆಕ್ಕಾಚಾರದ ಮೇಲೆ.

ಅಡಿಕೆಯ ಬೀಜದ ಕಾಲ ಸರಿಯಾಗಿ ಮಾಗಿಯ ಕೊನೆ. ತುಮಕೂರು ಜಿಲ್ಲೆಯಲ್ಲಿ ಮಾರಾಟಕ್ಕೆ ಹೋಗುವುದು ಬೇಯಿಸಿ ಬಣ್ಣ ಕಟ್ಟಿದ ಕೆಂಪಡಿಕೆ. ಅದಕ್ಕೆ ಹಸಿರು ಕಾಯನ್ನೇ ಕೊಯ್ಯಬೇಕು. ಬೀಜಕ್ಕೆ ಬೇಕಾದದ್ದು ಮರದಲ್ಲೇ ಹಣ್ಣಾದ ಗೋಟು. ಆದ್ದರಿಂದ ಹೊಸ ತೋಟ ಮಾಡಬೇಕೆಂದವನು ಒಳ್ಳೆಯ ಮರ ನೋಡಿ, ಅದರ ಒಂದು ಗೊನೆಯ ದುಡ್ಡು ಬಿಟ್ಟುಕೊಟ್ಟು, ಮಾಘದವರೆಗೆ ಅಳಿಲು, ಬಾವಲಿಗಳಿಂದ ಕಾಯಬೇಕಿತ್ತು. ಒಳ್ಳೆಯ ಮರ ಎಂದರೆ ಎಳೆಯದೂ ಅಲ್ಲ, ಮುದಿಯೂ ಅಲ್ಲ, ವರ್ಷ ಬಿಟ್ಟು ವರ್ಷ ಕೈ ಕೊಡದೆ ಒಂದೇ ಸಮ ಫಲ ಕೊಟ್ಟದ್ದು. ಇದನ್ನು ತಿಳಿಯಲು ಹತ್ತು ವರ್ಷದ ನೆನಪು ಬೇಕು, ತೋಟದ ಪ್ರತಿ ಮರದ್ದೂ. ಹಣ್ಣಾದ ಗೊನೆಯನ್ನು ಮೇಲಿಂದ ಎಸೆಯದೆ ಹಗ್ಗದಲ್ಲಿ ಇಳಿಸುವುದು, ಪೆಟ್ಟಾದದ್ದನ್ನು ಬೇರೆ ಮಾಡುವುದು, ಸಿಪ್ಪೆ ಸುಲಿಯದೆ ತೊಟ್ಟು ಮೇಲಾಗಿ ಒದ್ದೆ ಮರಳಿನಲ್ಲಿ ಸಾಲಾಗಿ ಹೂಳುವುದು, ಮೇಲೆ ಹುಲ್ಲು. ಆರೇಳು ವಾರಕ್ಕೆ, ಅಂದರೆ ಯುಗಾದಿಯ ಆಚೀಚೆ, ಈಟಿಯಂಥ ಮೊಳಕೆ ಏಳುತ್ತದೆ. ಎರಡು ಮೂರು ಎಲೆಯಾದ ಮೇಲೆ ಬಾಳೆಯ ನೆರಳಿನ ಪಾತಿಗೆ ಸ್ಥಳಾಂತರ. ಅಲ್ಲಿ ಒಂದು ಒಂದೂವರೆ ವರ್ಷ ಕಳೆದ ಸಸಿ ಮಳೆಗಾಲ ನೋಡಿಕೊಂಡು ತೋಟಕ್ಕೆ ಹೋಗುತ್ತದೆ.

ಫಲ ಕಾಣಲು ಅಲ್ಲಿಂದ ಮುಂದೆ ಐದಾರು ವರ್ಷ. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಅಡಿಕೆಯ ಮಟ್ಟಿಗೆ ಅರ್ಧ ಸುಳ್ಳು. ಪಾತಿಯಲ್ಲಿ ಲಕಲಕ ಎನ್ನುತ್ತಿದ್ದದ್ದು ಏಳನೆಯ ವರ್ಷಕ್ಕೆ ಬಂಜೆ ಎಂದು ತಿಳಿದರೆ ಮಾಡುವುದೇನು? ಹಾಗಾಗಿಯೇ ತಾಯಿಮರದ ಆಯ್ಕೆಗೆ ಅಷ್ಟು ತೂಕ. ಮರದ ಆಯಸ್ಸು ಅರುವತ್ತು ವರ್ಷ ಎಂದಿಟ್ಟುಕೊಂಡರೆ, ಒಂದು ಮಾಘದಲ್ಲಿ ಇಳಿಸಿದ ಗೊನೆ ಮೊಮ್ಮಕ್ಕಳ ಕಾಲದ ಆದಾಯವನ್ನು ತೀರ್ಮಾನಿಸುತ್ತಿತ್ತು.

ನೆರಳಿಗೆ ಬಾಳೆ, ಅಗಸೆ, ಅಡಿಕೆ ಮರಕ್ಕೆ ವೀಳ್ಯದ ಬಳ್ಳಿ, ಬದುವಿನಲ್ಲಿ ತೆಂಗು. ಇಂಥ ತೋಟಗಳ ಕೈಗೆಲಸದಲ್ಲಿ, ಅದರಲ್ಲೂ ಕಾಯಿಪಲ್ಲೆ, ಹೂವು, ಎಲೆಯ ತೋಟಗಳಲ್ಲಿ, ತಿಗಳರ ಹೆಸರು ದೊಡ್ಡದು. ಬೆಂಗಳೂರು, ಕೋಲಾರ, ತುಮಕೂರಿನ ಉದ್ದಕ್ಕೂ ಹರಡಿದ ಈ ಸಮುದಾಯದ ಬದುಕೇ ಪಾತಿ ಮತ್ತು ಮಡಿ.

ಇದು ರೈತರ ತೋಟದ ಕಥೆ. ಅರಸರ ತೋಟದ ಕಥೆ ಶಿರಾದಲ್ಲಿದೆ.

1687ರಲ್ಲಿ ಔರಂಗಜೇಬನ ಸೇನಾನಿ ಕಾಸಿಂ ಖಾನ್ ಬೆಂಗಳೂರನ್ನು ಗೆದ್ದು, ಅದನ್ನು 3 ಲಕ್ಷ ರೂಪಾಯಿಗೆ ಚಿಕ್ಕದೇವರಾಜ ಒಡೆಯರಿಗೆ ಮಾರಿ, ಶಿರಾವನ್ನು ಮೊಗಲರ ಹೊಸ ಸುಬಾದ ರಾಜಧಾನಿ ಮಾಡಿಕೊಂಡ. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡೆ, ಬೂದಿಹಾಳ, ಬಸವಾಪಟ್ಟಣಗಳೆಲ್ಲ ಶಿರಾದ ಪರಗಣಗಳಾದವು. ಬೆಂಗಳೂರಿಗಿಂತ ಶಿರಾ ವಾಸಿ ಎಂದು ತೀರ್ಮಾನಿಸಿದ ಆ ವ್ಯಾಪಾರ ಇವತ್ತು ತಮಾಷೆಯಾಗಿ ಕಾಣುತ್ತದೆ, ಆಗ ಹಾಗಿರಲಿಲ್ಲ. ಬಿಜಾಪುರದ ಅಧಿಕಾರಿ ಮಲಿಕ್ ರಿಹಾನನ ಕಾಲದಲ್ಲೇ ಊರು ಬೆಳೆದಿತ್ತು. ಅವನು ತೀರಿಕೊಂಡದ್ದು 1651ರಲ್ಲಿ, ಅವನ ಸಮಾಧಿ ಈಗಲೂ ಇದೆ. 1696ರ ಜುಮ್ಮಾ ಮಸೀದಿಯೂ ಉಳಿದಿದೆ. ಸುಬೇದಾರ ದಿಲಾವರ್ ಖಾನನ ಅರಮನೆಯೂ ಖಾನ್ ಬಾಗ್ ಎಂಬ ಉದ್ಯಾನವೂ ಮಾತ್ರ ಉಳಿಯಲಿಲ್ಲ. ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳಿಗೆ ಆ ಅರಮನೆಯೇ ಮಾದರಿ, ಲಾಲ್‌ಬಾಗಿಗೆ ಖಾನ್ ಬಾಗೇ ಪ್ರೇರಣೆ ಇದ್ದೀತು ಎಂದು ರೈಸ್ ಬರೆದದ್ದನ್ನು ಶಿರಾದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಇಸವಿ ಹಿಡಿದು ನೋಡುವವರಿಗೆ ಒಂದು ತಕರಾರು ಕಾಣಬಹುದು: ಲಾಲ್‌ಬಾಗ್ ಶುರುವಾದದ್ದು 1760ರಲ್ಲಿ ಎನ್ನುತ್ತಾರೆ, ಶಿರಾ ಹೈದರಾಲಿಯ ಕೈಗೆ ಬಂದದ್ದು 1761ರಲ್ಲಿ. ಆದರೆ ಹೈದರನಿಗೆ ಶಿರಾ ಹೊಸ ಊರಲ್ಲ. ಅವನ ತಂದೆ ಫತೇ ಮಹಮದ್ ಶಿರಾ ಸುಬೇದಾರರ ಕೈಕೆಳಗೇ ಅಧಿಕಾರಿಯಾಗಿದ್ದವನು. ತೋಟದ ಮಾತು ಮನೆಯಲ್ಲೇ ಕೇಳಿರಬಹುದು.

ಖಾನ್ ಬಾಗಿನಂಥ ತೋಟಕ್ಕೂ ಕೊರಟಗೆರೆಯ ಅಡಿಕೆ ತೋಟಕ್ಕೂ ಗುಣದಲ್ಲೇ ವ್ಯತ್ಯಾಸ. ಮೊಗಲ್ ಮಾದರಿಯ ಉದ್ಯಾನ ಚೌಕ ಚೌಕ, ಒಂದು ಚೌಕಕ್ಕೆ ಒಂದೇ ಜಾತಿ ಗಿಡ. 1800ರಲ್ಲಿ ಬೆಂಗಳೂರಿನ ತೋಟ ನೋಡಿದ ಬುಕಾನನ್ ಸೈಪ್ರೆಸ್ ಮರಗಳ ಸಾಲಿನ ನಡುವಿನ ಅಂಥ ಚೌಕಗಳನ್ನು, ಅವುಗಳಲ್ಲಿ ಬೆಳೆದ ಹಣ್ಣಿನ ಗಿಡಗಳನ್ನು ವರ್ಣಿಸಿ, ಇಲ್ಲಿನ ದೊಡ್ಡ ಕೊರತೆ ನೀರು ಎಂದು ಷರಾ ಬರೆಯುತ್ತಾರೆ; ಕಪಿಲೆಯಲ್ಲಿ ಎತ್ತಿ ಹಾಕಬೇಕು. ಅರಸರಿಗೆ ಎತ್ತುಗಳಿದ್ದವು, ಆಳುಗಳಿದ್ದರು. ಬೀಜ ದೇಶಾಂತರದಿಂದ ಬರುತ್ತಿತ್ತು. 1788ರಲ್ಲಿ ಫ್ರಾನ್ಸಿನ 16ನೆಯ ಲೂಯಿಯನ್ನು ಕಂಡ ಟಿಪ್ಪುವಿನ ರಾಯಭಾರಿಗಳು ಕುಶಲಕರ್ಮಿಗಳ ಜೊತೆಗೆ ಗಿಡ, ಬೀಜ, ಮಾಲಿಗಳನ್ನೂ ಕೇಳಿದ್ದರು. ಶಿರಾ ಮಾತ್ರ ಅಷ್ಟರಲ್ಲಿ ಬಡವಾಗಿತ್ತು. ಶ್ರೀರಂಗಪಟ್ಟಣದ ಪಕ್ಕ ಗಂಜಾಂ ಪೇಟೆ ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದ ಎಂಬುದು ಗೆಜೆಟಿಯರಿನ ಲೆಕ್ಕ. ಊರಿಗೆ ಊರೇ ಕಿತ್ತು ನಾಟಿಯಾಯಿತು.

ಮೊಗಲರು ಬಿಟ್ಟುಹೋದದ್ದು ಇನ್ನೊಂದಿದೆ, ಅದು ಕಂದಾಯದ ಕಡತದಲ್ಲಿ. ಹಳೆಯ ಶಾಸನಗಳ ಗದ್ದೆ, ಬೆದ್ದಲು, ತೋಟಗಳು ತರಿ, ಖುಷ್ಕಿ, ಬಾಗಾಯ್ತು ಆದವು. ಬಾಗಾಯ್ತಿಗೆ ಕಂದಾಯ ಹೆಚ್ಚು. ಬಚ್ಚಲ ಬದಿಯ ಪಾತಿಗೆ ಮಾತ್ರ ಯಾವ ಸರ್ಕಾರವೂ ತೆರಿಗೆ ಹಾಕಲಿಲ್ಲ, ಬಹುಶಃ ಕಣ್ಣಿಗೆ ಬೀಳದಷ್ಟು ಚಿಕ್ಕದು ಎಂದು.

ಆ ಚಿಕ್ಕ ಪಾತಿಯಲ್ಲೇ ಹೊಸ ಬೆಳೆಗಳು ಕಾಲಿಟ್ಟದ್ದು. ಮೆಣಸಿನಕಾಯಿ, ಹೊಗೆಸೊಪ್ಪು ಎರಡೂ ಅಮೆರಿಕ ಖಂಡದವು; ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಭಾರತಕ್ಕೆ ಬಂದವು. ಟೊಮೆಟೊ ಇನ್ನೂ ತಡವಾಗಿ. ಇಷ್ಟು ಬೇಗ ಇವು ಒಳನಾಡಿನ ಹಳ್ಳಿಗಳನ್ನು ಹೊಕ್ಕಿದ್ದು ಹೇಗೆ? ರುಚಿಯೊಂದೇ ಕಾರಣವಾಗಿರಲಾರದು. ಬದನೆ ಬೆಳೆಯುವವನಿಗೆ ಮೆಣಸಿನ ಸಸಿಯ ಕೆಲಸ ಹೊಸದಾಗಿ ಕಲಿಸಬೇಕಿರಲಿಲ್ಲ. ಅದೇ ಬೂದಿ, ಅದೇ ಹುಲ್ಲು ಹೊದಿಕೆ, ಐದಾರು ವಾರದ ಅದೇ ಕಾಯುವಿಕೆ. ಬದನೆಯ ಪಕ್ಕದ ಪಾತಿಯಲ್ಲಿ ಅದರ ದೂರದ ನೆಂಟರು ಬಂದು ಕೂತರು, ಅಷ್ಟೇ. ಇಪ್ಪತ್ತನೆಯ ಶತಮಾನದಲ್ಲಿ ಪಾವಗಡ, ಶಿರಾದ ಬೆದ್ದಲನ್ನೆಲ್ಲ ಆವರಿಸಿಕೊಂಡ ಕಡಲೆಕಾಯಿಗೆ ಪಾತಿಯ ಹಂಗಿಲ್ಲ, ನೇರ ಬಿತ್ತನೆ. ಮಳೆಯನ್ನೇ ನಂಬಿದ ಆ ಬೆಳೆ ಎಷ್ಟು ಸಲ ಕೈಕೊಟ್ಟಿದೆ ಎಂಬುದು ಪಾವಗಡದವರನ್ನು ಕೇಳಿದರೆ ತಿಳಿಯುತ್ತದೆ.

ಸಸಿಗೆ ಬೆಲೆಪಟ್ಟಿ ಬಂದದ್ದು ಸರ್ಕಾರದ ಮೂಲಕ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಹೊಸ ಗಿಡ ತರಿಸಿ, ಬೆಳೆಸಿ, ಹಂಚುವುದು ಅದರ ಕೆಲಸವಾಯಿತು. ಆದರೆ ಮಧುಗಿರಿಯ ರೈತ ಸಸಿಗಾಗಿ ಲಾಲ್‌ಬಾಗಿಗೆ ಹೋಗುವ ಹಾಗಿರಲಿಲ್ಲ. ಲಾಲ್‌ಬಾಗನ್ನು ಹಳ್ಳಿಯ ಕಡೆ ತಂದವರು ಡಾ. ಎಂ. ಎಚ್. ಮರಿಗೌಡರು. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ಆಗಿ ಅವರು ಅದರ ನಿರ್ದೇಶಕರಾದ ಮೇಲೆ ರಾಜ್ಯದುದ್ದಕ್ಕೂ ನೂರಾರು ತೋಟಗಾರಿಕೆ ಫಾರಂಗಳು, ನರ್ಸರಿಗಳು ತಲೆ ಎತ್ತಿದವು. ತುಮಕೂರಿನ ಪಕ್ಕದ ಹಿರೇಹಳ್ಳಿ ಸಂಶೋಧನೆಯ ಊರಾಯಿತು. ಅಲ್ಲಿ ಕಂಡ ಗಿಡ್ಡ ಅಡಿಕೆ ಮರ ಹಿರೇಹಳ್ಳಿ ಡ್ವಾರ್ಫ್ ಎಂದೇ ಹೆಸರಾಗಿ, ಅದನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಂದಿಗೆ ಕೂಡಿಸಿ ಮರ ಹತ್ತುವವರಿಲ್ಲದ ಕಾಲಕ್ಕೆ ಗಿಡ್ಡ ಮಿಶ್ರತಳಿಗಳನ್ನು ಬಿಡುಗಡೆ ಮಾಡಿದರು.

ತರಕಾರಿಯಲ್ಲಿ ತಿರುವು ಬಂದದ್ದು 1973ರಲ್ಲಿ. ಮನಮೋಹನ ಅತ್ತಾವರ ಬೆಂಗಳೂರಿನಲ್ಲಿ ಕಟ್ಟಿದ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಆ ವರ್ಷ 'ಕರ್ನಾಟಕ' ಎಂಬ ಮಿಶ್ರತಳಿ ಟೊಮೆಟೊ, 'ಭಾರತ್' ಎಂಬ ದೊಣ್ಣೆಮೆಣಸು ಮಾರುಕಟ್ಟೆಗೆ ಬಿಟ್ಟಿತು. ಇಳುವರಿ ಕಂಡವರು ತಿರುಗಿ ನೋಡಲಿಲ್ಲ. ಆದರೆ ಮಿಶ್ರತಳಿಯ ಹಣ್ಣಿನಿಂದ ತೆಗೆದ ಬೀಜ ತಾಯಿಯ ಗುಣ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಅಂಗಡಿಯಿಂದಲೇ ತರಬೇಕು. ಗೋಡೆಯ ಸಗಣಿ ಬಿಲ್ಲೆಗೂ ಬೂದಿ ಗುಡಾಣಕ್ಕೂ ಅಲ್ಲಿಗೆ ಕೆಲಸ ತಪ್ಪಿತು. ಬೀಜ ಗ್ರಾಂ ಲೆಕ್ಕದಲ್ಲಿ ದುಬಾರಿಯಾದ ಮೇಲೆ ಎರಚುವ ಪಾತಿಯೂ ಹೋಯಿತು. ಈಗ ತಟ್ಟೆಗೆ 98 ಗುಳಿಗಳಿರುವ ಪ್ಲಾಸ್ಟಿಕ್ ಪ್ರೋಟ್ರೇ, ಗುಳಿಗೊಂದು ಬೀಜ, ಮಣ್ಣಿನ ಬದಲು ತೆಂಗಿನ ನಾರಿನ ಪುಡಿ, ಮೇಲೆ ನೆರಳು ಪರದೆ. ಚಳಿಯಾದರೆ ಮೊಳಕೆ ಬರುವವರೆಗೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಸುತ್ತಿಬಿಡುತ್ತಾರೆ. ಭತ್ತದ ಕುಕ್ಕೆಯ ಮೇಲೆ ಹುಲ್ಲು ಹೇರುತ್ತಿದ್ದವರಿಗೆ ಈ ಉಪಾಯ ಹೊಸದೆನಿಸಲಾರದು. ಸೊರಗಿದ ಸಸಿಗೆ ಜವಾಬ್ದಾರಿ ನರ್ಸರಿಯವರದು, ರೈತನಿಗೆ ಬೇಕಾದ ದಿನ ಬೇಕಾದಷ್ಟು ಸಸಿ ಸಿಗುತ್ತದೆ. ಇದು ಸಣ್ಣ ಅನುಕೂಲವಲ್ಲ. ಹಳೆಯದಕ್ಕೆ ಮರುಗುವವರು ಪಾತಿಯ ಮುಂದೆ ದಿನಕ್ಕೆರಡು ಸಲ ಬಗ್ಗಿ ನೀರು ಚಿಮುಕಿಸಿದವರಲ್ಲ.

ನೀರಿನ ಕಥೆ ಮಾತ್ರ ಅನುಕೂಲದ್ದಲ್ಲ. ಕಪಿಲೆಯ ಜಾಗಕ್ಕೆ ಪಂಪ್‌ಸೆಟ್ಟು, ಬಾವಿಯ ಜಾಗಕ್ಕೆ ಕೊಳವೆಬಾವಿ ಬಂದಂತೆಲ್ಲ ಮೇಲುಪದರದ ನೀರು ಕೆಳಕ್ಕಿಳಿಯಿತು. ಜಯಮಂಗಲಿಯ ಮರಳೂ ಲಾರಿಗಳಲ್ಲಿ ಹೋಯಿತು. ಮರಳಿಲ್ಲದ ಮೇಲೆ ಮಳೆಯನ್ನು ಹಿಡಿದಿಡುವುದು ಏನು? ತಲಪರಿಗೆಗಳು ಒಂದೊಂದಾಗಿ ಬತ್ತಿದವು, ಕೆಲವು ಕಸದ ಗುಂಡಿಗಳಾದವು, ಕೆಲವು ಒತ್ತುವರಿಯಾದವು. ಪಾವಗಡದಲ್ಲಿ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಸಿಕ್ಕಿತು. ತಿರುಮಣಿ, ವಳ್ಳೂರು ಸುತ್ತಲಿನ ರೈತರು ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ಕೊಟ್ಟು 2,050 ಮೆಗಾವಾಟ್ ಸೌರವಿದ್ಯುತ್ ಪಾರ್ಕಿಗೆ ದಾರಿ ಮಾಡಿದರು. ಬೆಳೆಯನ್ನು ಬಾಡಿಸುತ್ತಿದ್ದ ಬಿಸಿಲೇ ಬೆಳೆಯಾಯಿತು. ಈಚಿನ ವರ್ಷಗಳಲ್ಲಿ ಹಳೆಯ ತಲಪರಿಗೆಗಳನ್ನು ಗುರುತಿಸಿ, ಉದ್ಯೋಗ ಖಾತರಿ ಯೋಜನೆಯಲ್ಲಿ ಹೂಳು ತೆಗೆಸುವ ಕೆಲಸ ನಡೆದಿದೆ. ಒಳ್ಳೆಯ ಮಳೆಯಾದ ವರ್ಷ ಕೆಲವು ಮತ್ತೆ ಜಿನುಗಿವೆ.

ಇಷ್ಟಾದರೂ ಅಡಿಕೆಯ ಆಸೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ತಲಪರಿಗೆಯ ತಗ್ಗು ಬಿಟ್ಟು ದಿಣ್ಣೆಯ ಹೊಲಗಳಿಗೂ, ರಾಗಿ, ಕಡಲೆಕಾಯಿಯ ನೆಲಕ್ಕೂ, ಕೊಳವೆಬಾವಿಯನ್ನೇ ನಂಬಿ ಅಡಿಕೆ ಹತ್ತಿದೆ. ಸಸಿ ಊರೂರಲ್ಲಿ ಮಾರಾಟಕ್ಕಿದೆ: 1972ರಲ್ಲಿ ಬಿಡುಗಡೆಯಾದ, ಚೀನಾ ಮೂಲದ ಮಂಗಳ, ಮೋಹಿತ್‌ನಗರ, ತೀರ್ಥಹಳ್ಳಿ ಬೀಜದ್ದು, ಭೀಮಸಮುದ್ರ ಬೀಜದ್ದು. ಬೀಜ ಯಾವ ಊರಿನದೆಂದು ಹೇಳುತ್ತಾರೆ, ಯಾವ ಮರದ್ದೆಂದು ಹೇಳುವವರಿಲ್ಲ. ತಾಯಿಮರ ನೋಡದೆ ಕೊಳ್ಳುವವನಿಗೆ ಉಳಿಯುವುದು ಸಸಿಯನ್ನೇ ನೋಡಿ ಆರಿಸುವ ದಾರಿ. ಅದಕ್ಕೆ ವಿಜ್ಞಾನಿಗಳು ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ. ಸಸಿಯ ಎಲೆಗಳನ್ನು ಎಣಿಸಿ 40ರಿಂದ ಗುಣಿಸಿ, ಬಂದದ್ದರಲ್ಲಿ ಸಸಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಕಳೆಯಬೇಕು. ಉಳಿದ ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು. ಐದೆಲೆಯ 90 ಸೆಂಟಿಮೀಟರಿನ ಗಿಡ್ಡ ಸಸಿಗೆ 110 ಬಂದರೆ, ನಾಲ್ಕೇ ಎಲೆಯ 130 ಸೆಂಟಿಮೀಟರಿನ ಉದ್ದ ಸಸಿಗೆ 30. ಜೂನ್ ತಿಂಗಳಲ್ಲಿ ಟ್ರ್ಯಾಕ್ಟರ್ ತಂದು ನಿಲ್ಲಿಸಿಕೊಂಡು ಸಸಿ ಆರಿಸುವವರು ಹೆಚ್ಚಾಗಿ ಕೈ ಹಾಕುವುದು ಉದ್ದದ ಸಾಲಿಗೇ.